ಬಾ ಅಂದರೆ ಬರಬಾರದು

"ಏನಪ್ಪಾ, ಕುತ್ತಿಗೆ ಕೊಯ್ಯೋ ಯೋಚನೆ ಏನಾದ್ರೂ ಇದ್ಯಾ?" ಎಂದು ಕುರ್ಚಿಯಲ್ಲಿ ತಲೆ ಹಿಂದಕ್ಕೆ ಚೆಲ್ಲಿ ಕೂತಿದ್ದ ಗಿರಾಕಿ ನೊರೆಯ ನಡುವಿನಿಂದ ಕೇಳಿದಾಗಲೇ ಅವನಿಗೆ ಎಚ್ಚರವಾದದ್ದು. ಗಂಟಲಿನ ಮೇಲೆ ಬ್ಲೇಡು ಇಟ್ಟವನು ಇಟ್ಟ ಹಾಗೆಯೇ ನಿಂತುಬಿಟ್ಟಿದ್ದ. "ಛೆ ಛೆ, ಏನೋ ನೆನಪಾಯ್ತು ಸಾರ್" ಎಂದು ಹಲ್ಲು ಕಿರಿದು, ಎಡಗೈಯನ್ನು ಗಿರಾಕಿಯ ನೆತ್ತಿಗೆ ಆನಿಸಿ ಕೆಲಸ ಮುಂದುವರಿಸಿದ. ಅಂಗೈ ಕೆಳಗೆ ಯಾರದೋ ಬೆಚ್ಚನೆಯ ತಲೆ. ಈ ಕ್ಷೌರದ ಕಸುಬಿನ ವಿಚಿತ್ರವೇ ಇದು: ಹೆಸರು ಗೊತ್ತಿಲ್ಲದವರ ಕಿವಿ ಮಡಚು, ಮೂಗಿನ ತುದಿ ಹಿಡಿದೆತ್ತು, ಗದ್ದ ಒತ್ತಿ ಆ ಕಡೆಗೆ ತಿರುಗಿಸು, ಯಾಕಯ್ಯಾ ಮುಟ್ಟಿದೆ ಎಂದು ಒಬ್ಬರೂ ಕೇಳುವುದಿಲ್ಲ. ಊರಿನ ಅರ್ಧ ಜನರ ತಲೆಯ ಉಬ್ಬು ತಗ್ಗು ಅವನ ಬೆರಳುಗಳಿಗೆ ಬಾಯಿಪಾಠ. ಸ್ವಂತ ಮಗಳ ತಲೆ ಮುಟ್ಟಿ ಮಾತ್ರ ಬೇಸಿಗೆ ಕಳೆದು, ಮಳೆ ಕಳೆದು, ಈಗ ಚಳಿ ಬಂದು ಕೂತಿದೆ. ಅವಳ ಕೂದಲು ಬೆಳೆದು ಬೆಳೆದು ಕಣ್ಣಿಗೆ ಇಳಿದಿದೆ, ಹಿಂದೆ ಸಿಕ್ಕುಗಟ್ಟಿ ಗಂಟಾಗಿದೆ. ಕಟಿಂಗ್ ಶಾಪಿನವನ ಮಗಳ ತಲೆ ನೋಡ್ರಪ್ಪಾ ಎಂದು ಓಣಿಯವರು ಆಡಿಕೊಳ್ಳುವುದು ಅವನ ಕಿವಿಗೂ ಬಿದ್ದಿದೆ. ಆಡಿಕೊಳ್ಳಲಿ ಬಿಡಿ, ಅದಕ್ಕೆಲ್ಲ ಅಳುವ ಕಾಲ ಮುಗಿಯಿತು.

ಬೆಳಗ್ಗೆ ಕನ್ನಡಿ ಒರೆಸುತ್ತಿದ್ದಾಗ ಫೋನ್ ಬಂದಿತ್ತು. ಮಗಳು ಹೋಗುವ ಕೇಂದ್ರದ ಟೀಚರಮ್ಮ. ಅಲ್ಲಿ ಅವಳಂಥ ಕೆಲವು ಮಕ್ಕಳು, ಮಕ್ಕಳೆನ್ನುವುದು ರೂಢಿ ಅಷ್ಟೆ, ಎಲ್ಲರೂ ಇಪ್ಪತ್ತರ ಆಸುಪಾಸಿನವರು, ಕಾಗದದ ಚೀಲ ಅಂಟಿಸುತ್ತಾರೆ, ಮೇಣದಬತ್ತಿಗಳನ್ನು ಪೆಟ್ಟಿಗೆಗೆ ತುಂಬುತ್ತಾರೆ. "ಮಧ್ಯಾಹ್ನ ಇಬ್ರೂ ಬನ್ನಿ. ಫೋನಲ್ಲಿ ಹೇಳೋ ಮಾತಲ್ಲ. ಯಾರಿಗೂ ಏನೂ ಆಗಿಲ್ಲ, ಗಾಬರಿ ಬೇಡ. ಅಂದ್ರೆ, ಆಗಿದೆ. ಆದ್ರೆ ನಿಮ್ಮ ಮಗಳಿಗಲ್ಲ." ನಿಮ್ಮ ಮಗಳಿಗಲ್ಲ ಎಂಬ ಮಾತಿಗೆ ಯಾವ ತಂದೆಯಾದರೂ ಉಸಿರು ಬಿಡಬೇಕು. ಅವನಿಗೆ ಇದ್ದ ಉಸಿರೂ ನಿಂತಿತು. ಡೌನ್ ಸಿಂಡ್ರೋಮ್ ಎಂದು ಅವಳು ಹುಟ್ಟಿದ ದಿನವೇ ಡಾಕ್ಟರು ಹೇಳಿದ್ದರು. ಆ ಪದ ನಾಲಿಗೆಗೆ ರೂಢಿಯಾಗುವುದಕ್ಕೆ ಮೊದಲೇ ಮಗು ನಕ್ಕು ಇಬ್ಬರನ್ನೂ ಗೆದ್ದುಕೊಂಡುಬಿಟ್ಟಿತ್ತು. ತಡವಾಗಿ ನಡೆದಳು, ತಡವಾಗಿ ಮಾತಾಡಿದಳು, ಶೂ ದಾರ ಕಟ್ಟಲು ಕಲಿಯುವುದಕ್ಕೆ ಅವಳಿಗೆ ಬಾಲ್ಯದ ಮುಕ್ಕಾಲು ಪಾಲು ಹಿಡಿಯಿತು. ತಬ್ಬಿಕೊಳ್ಳುವುದನ್ನು ಮಾತ್ರ ಯಾರೂ ಕಲಿಸಲಿಲ್ಲ.

ಅಂಗಡಿಯ ಮೂಲೆಯಲ್ಲಿ ಈಗಲೂ ಅವಳ ಸ್ಟೂಲ್ ಇದೆ. ಕೇಂದ್ರ ಮುಗಿದ ಮೇಲೆ ಬಂದು ಅದರ ಮೇಲೆ ಕೂತು ಟವೆಲು ಮಡಚುತ್ತಿದ್ದಳು, ನೀರಿನ ಬಾಟಲಿ ಹಿಡಿದು ಗಿರಾಕಿಗಳ ತಲೆಗೆ ಪಿಚಕ್ ಪಿಚಕ್ ಎಂದು ಸಿಂಪಡಿಸುತ್ತಿದ್ದಳು, ಅವಳಿಗೆ ಎಲ್ಲರೂ ಇಟ್ಟ ಹೆಸರು ಮ್ಯಾನೇಜರಮ್ಮ. ಕಟಿಂಗ್ ಮುಗಿದು ಮೈಮೇಲಿನ ಬಟ್ಟೆ ಕೊಡವಿದ ಕೂಡಲೇ ಗಿರಾಕಿಯ ಮುಂದೆ ನಿಂತು "ಚೆನ್ನಾಗ್ ಕಾಣ್ತೀಯ" ಎಂದು ತೀರ್ಪು ಕೊಟ್ಟು, ಎರಡೂ ಕೈಯಿಂದ ಬಿಗಿಯಾಗಿ ತಬ್ಬುವಳು. ಕೋತಿ ಮುಖದವನಿಗೂ ಅದೇ ತೀರ್ಪು, ಅದೇ ಅಪ್ಪುಗೆ. ಹೆಂಡತಿ ಸತ್ತ ಮುದುಕನೊಬ್ಬ, ತಲೆಯಲ್ಲಿ ಕತ್ತರಿಸಲು ನಾಲ್ಕು ಕೂದಲಿಲ್ಲ, ಹದಿನೈದು ದಿನಕ್ಕೊಮ್ಮೆ ತಪ್ಪದೆ ಬಂದು ಕೂರುತ್ತಿದ್ದ. ಏನಕ್ಕೆ ಬರುತ್ತಾನೆಂದು ಮುದುಕನಿಗೂ ಅವನಿಗೂ ಗೊತ್ತಿತ್ತು, ಇಬ್ಬರೂ ಆಡುತ್ತಿರಲಿಲ್ಲ. ಮಗಳ ಬುದ್ಧಿ ನಿಧಾನವಾಗಿ ಬೆಳೆದರೂ ಮೈ ಎಲ್ಲರ ಮೈಯಂತೆಯೇ ಬೆಳೆಯಿತು. ಅಪ್ಪನ ಕಣ್ಣಿಗೆ ಅದು ಬೀಳಲಿಲ್ಲ ಎಂದರೆ ಸುಳ್ಳು. ಬಿದ್ದಿತ್ತು, ನೋಡದವನಂತೆ ಇದ್ದ. ಆ ಬೇಸಿಗೆಯ ಮಧ್ಯಾಹ್ನ ಬ್ಯಾಂಕಿನವನೊಬ್ಬ ಬಂದ, ಬೆಳ್ಳಗಿನ ಅಂಗಿ, ಹೊಸದಾಗಿ ಬಿಟ್ಟ ಮೀಸೆ. ಅವಳು ಎಂದಿನಂತೆ ತಬ್ಬಿದಳು. ಅವನು ಬಿಡಿಸಿಕೊಳ್ಳಲಿಲ್ಲ. ಅವಳ ತಲೆಯ ಮೇಲಿನಿಂದ ಕನ್ನಡಿಯಲ್ಲಿ ಎಲ್ಲರಿಗೂ ಕಣ್ಣು ಹೊಡೆದು, "ಏನಪ್ಪಾ, ಕಟಿಂಗ್ ಜೊತೆ ಇದೂ ಫ್ರೀನಾ? ಹಾಗಾದ್ರೆ ವಾರಕ್ಕೊಂದ್ಸಲ ಬರ್ತೀನಿ" ಎಂದ. ಬೆಂಚಿನ ಮೇಲೆ ಕಾಯುತ್ತಿದ್ದವರು ಗೊಳ್ಳೆಂದರು. ಅಪ್ಪನಾದ ಅವನೂ ನಕ್ಕ. ಅಯ್ಯೋ, ಅವನೂ ನಕ್ಕ! ಕತ್ತರಿ ಹಿಡಿದ ಕೈಯಿಂದ ಬಾಯಿ ಮುಚ್ಚಿಕೊಂಡು ಹೆ ಹೆ ಎಂದದ್ದು ಎದುರಿನ ಕನ್ನಡಿಯಲ್ಲಿ ಕಾಣಿಸಿತು, ಹಿಂದಿನ ಕನ್ನಡಿಯಲ್ಲಿ ಮತ್ತೆ ಕಾಣಿಸಿತು. ಈಗಲೂ ಯಾರ ಮುಖ ಬೋಳಿಸುವಾಗಲೂ ಆ ನಗು ಒಂದು ಮೂಲೆಯಲ್ಲಿ ನಿಂತಿರುತ್ತದೆ.

ಹೆಂಡತಿ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಿಂದ ಅರ್ಧ ದಿನದ ರಜೆ ಕೇಳಿಕೊಂಡು ನೇರ ಕೇಂದ್ರದ ಗೇಟಿಗೇ ಬಂದಿದ್ದಳು. ಬ್ಲೀಚ್ ತಿಂದು ಸುಲಿದ ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು, "ನಂಗೊತ್ತು ರೀ, ಎಲ್ಲಾ ನನ್ನಿಂದಲೇ ಆಗಿದ್ದು" ಎಂದಳು. ಇದು ಅವಳ ಹಳೆಯ ರಾಗ. ಇಸ್ತ್ರಿ ಮಾಡಿದ ಬಟ್ಟೆಯ ಗಂಟನ್ನು ಮಗಳು ಒದ್ದೆ ನೆಲಕ್ಕೆ ಕೆಡವಿದ ದಿನ, ದಣಿದು ಬಂದಿದ್ದವಳು "ದೂರ ಹೋಗು, ನನ್ನ ಹತ್ರ ಬರ್ಬೇಡ" ಎಂದು ಗದರಿದ್ದಳಂತೆ. ಅಂದಿನಿಂದಲೇ ಮಗಳು ಮೈ ಮುಟ್ಟಿಸಿಕೊಳ್ಳುವುದಿಲ್ಲ, ಅಂದಿನಿಂದಲೇ ಊಟ ಕಡಿಮೆ, ಅಂದಿನಿಂದಲೇ ಗೋಡೆ ಕಡೆ ತಿರುಗಿ ತನ್ನಷ್ಟಕ್ಕೆ ಮಾತಾಡಿಕೊಳ್ಳುವುದು, ಸ್ನಾನಕ್ಕೆ ಕರೆದರೆ ಬಾಗಿಲ ಚಿಲಕ ಹಾಕಿಕೊಳ್ಳುವುದು. "ಹೆತ್ತವಳ ಬಾಯಿಂದ ಬರೋ ಮಾತಾ ಅದು? ನನ್ನ ನಾಲಿಗೆ ಸೇದಿಹೋಗ್ಲಿ." ಆ ಬಟ್ಟೆಯ ಗಂಟು ಬಿದ್ದದ್ದು ಬ್ಯಾಂಕಿನವನು ಬಂದು ಹೋದ ಮರುದಿನ. ಮರುದಿನ ಎಂಬ ಒಂದು ಮಾತು ಬಾಯಿಬಿಟ್ಟಿದ್ದರೆ ಹೆಂಡತಿ ಇಷ್ಟು ತಿಂಗಳು ತನ್ನ ತಲೆಯನ್ನು ತಾನೇ ಚಚ್ಚಿಕೊಳ್ಳುತ್ತಿರಲಿಲ್ಲ. ಇವತ್ತು ಹೇಳೋಣ, ನಾಳೆ ಹೇಳೋಣ ಎಂದು ಮುಂದೂಡುತ್ತಲೇ ಬಂದಿದ್ದ.

ಟೀಚರಮ್ಮ ಒಳ್ಳೆಯವರು. ಕುರ್ಚಿ ಎಳೆದು ತಾವೇ ಹತ್ತಿರ ಕೂತರು. ಕಿಟಕಿಯಾಚೆ ಉದ್ದ ಮೇಜಿನ ಸುತ್ತ ಮಕ್ಕಳು ಚೀಲ ಅಂಟಿಸುತ್ತಿದ್ದರು. ಮಗಳು ಮಾತ್ರ ಪಕ್ಕದ ಪುಟ್ಟ ಮೇಜಿನಲ್ಲಿ ಒಬ್ಬಳೇ, ಅಂಟಿನ ಡಬ್ಬಿಯ ಮುಚ್ಚಳವನ್ನು ತೆಗೆಯುತ್ತ ಹಾಕುತ್ತ ಕೂತಿದ್ದಳು. "ನಿನ್ನೆ ನಮ್ಮ ಹುಡುಗನೊಬ್ಬನ ಹುಟ್ಟುಹಬ್ಬ. ಎಲ್ರನ್ನೂ ತಬ್ಕೊಂಡು ಬರ್ತಿದ್ದ. ಇವಳ ಹತ್ರಾನೂ ಬಂದ. ಮೊದ್ಲು ಕೈ ಚಾಚಿ ತಡೆದ್ಲು. ಅವನಿಗೆ ಅರ್ಥ ಆಗ್ಬೇಕಲ್ಲ? ಇನ್ನೂ ಹತ್ರ ಹೋದ. ಹೊಡೆದು ದಬ್ಬಿಬಿಟ್ಲು. ಮೇಜಿನ ಅಂಚು ಬಡಿದು ತುಟಿ ಸೀಳಿದೆ, ಹೊಲಿಗೆ ಹಾಕಿಸಿದ್ವಿ." ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡಳು. "ಆಮೇಲೆ ಇವಳೇ ಮೇಜಿನ ಕೆಳಗೆ ಹೋಗಿ ಕೂತು ತನ್ನ ಮಣಿಕಟ್ಟನ್ನ ಕಚ್ಕೋತಾ ಇದ್ಲು. ಕೋಪದಲ್ಲಿ ಹೊಡೆಯೋಳಲ್ಲ ಕಣ್ರೀ ಇವಳು, ನಾನು ಎಷ್ಟು ವರ್ಷದಿಂದ ನೋಡಿಲ್ಲ? ಹೆದರ್ಕೊಂಡು ಹೊಡೀತಾಳೆ. ಡಾಕ್ಟರು ರಕ್ತ ಪರೀಕ್ಷೆ ಮಾಡ್ಸಿದ್ರಲ್ಲ, ಥೈರಾಯ್ಡ್ ಸರಿಯಾಗಿದೆ, ಕಿವಿ ಸರಿಯಾಗಿದೆ. ಮನಸ್ಸು ಕುಗ್ಗಿದೆ ಅಂತಾರೆ. ಇಂಥ ಮಕ್ಕಳಿಗೂ ಮನಸ್ಸು ಕುಗ್ಗುತ್ತೆ, ನಾವು ಹಟ ಅಂದ್ಕೋತೀವಿ ಅಷ್ಟೆ. ಏನೋ ಆಗಿದೆ, ಏನು ಅಂತ ಅವಳಿಗೆ ಹೇಳೋಕೆ ಬರಲ್ಲ." ಟೀಚರಮ್ಮ ಕೇಳಿದರು: "ದಿನವಿಡೀ ಒಂದೇ ಮಾತು ಗೊಣಗ್ತಾಳೆ. 'ತಪ್ಪು, ಇನ್ನೊಂದ್ಸಲ. ತಪ್ಪು, ಇನ್ನೊಂದ್ಸಲ.' ಮನೇಲಿ ಯಾರಾದ್ರೂ ಹಾಗೆ ಹೇಳ್ತೀರಾ?"

"ನಮ್ಮನೇಲಾ? ಇಲ್ಲಪ್ಪ, ಯಾರೂ ಹಾಗನ್ನಲ್ಲ" ಎಂದು ಹೆಂಡತಿ ಅವನ ಕಡೆ ತಿರುಗಿದಳು. "ಅಲ್ವೇನ್ರೀ?" ಅವನ ಕಣ್ಣು ಟೀಚರಮ್ಮನ ತಲೆಯ ಮೇಲೆ ನೆಟ್ಟಿತ್ತು. ಬೈತಲೆಯ ಬಳಿ ಬಣ್ಣ ಸರಿಯಾಗಿ ಹಿಡಿದಿಲ್ಲ, ಯಾರೋ ಅರೆಬರೆ ಕಲಿತವರು ಹಚ್ಚಿದ್ದಾರೆ ಎಂದು ಕಸುಬಿನ ಬುದ್ಧಿ ಹೇಳುತ್ತಿತ್ತು. ಎಂಥ ಹೊತ್ತಿನಲ್ಲಿ ಎಂಥ ಬುದ್ಧಿ! ಅಂದು ಬ್ಯಾಂಕಿನವನು ಹೋದ ಮೇಲೆ ಕಾಯುತ್ತಿದ್ದವರನ್ನು ಏನೋ ನೆಪ ಹೇಳಿ ಸಾಗಹಾಕಿ, ಶಟರನ್ನು ಅರ್ಧ ಇಳಿಸಿದ್ದ. ಮಗಳನ್ನು ಕನ್ನಡಿಯ ಮುಂದೆ ನಿಲ್ಲಿಸಿ ಅವಳ ಬಲಗೈಯನ್ನು ನೇರ ಮುಂದಕ್ಕೆ ಚಾಚಿಸಿದ. "ಒಂದು ಕೈ ದೂರ. ಯಾರೇ ಬರ್ಲಿ, ಇಷ್ಟು ದೂರ. ಗೊತ್ತಾಯ್ತಾ?" ಗೊತ್ತಾಯ್ತು ಎಂದು ಕುಣಿದು ಅವನನ್ನೇ ತಬ್ಬಿಕೊಂಡಳು. ಅವನು ಬಿಡಿಸಿ ಮತ್ತೆ ನಿಲ್ಲಿಸಿದ. ಇವರನ್ನು ತಬ್ಬಬಹುದು ಅವರನ್ನು ತಬ್ಬಬಾರದು ಎಂದರೆ ಇವಳ ತಲೆಗೆ ಹೋದೀತೆ? ಗೊಂದಲವಾದರೆ ನಾಳೆ ಇನ್ನೊಬ್ಬ ಕಣ್ಣು ಹೊಡೆಯುತ್ತಾನೆ. ಎಲ್ಲರಿಗೂ ಒಂದೇ ಅಳತೆ ಇಟ್ಟುಬಿಟ್ಟರೆ ತಾಪತ್ರಯವಿಲ್ಲ ಎಂದುಕೊಂಡ. ಮಷಿನ್ನಿಗೆ ಒಂದು ನಂಬರು ಹಾಕಿ ತಲೆಯೆಲ್ಲ ಸಮ ಮಾಡಿದ ಹಾಗೆ. "ಅಪ್ಪಂಗೂನಾ?" "ಅಪ್ಪಂಗೂ." "ಅಮ್ಮಂಗೂನಾ?" "ಅಮ್ಮಂಗೂ." ಅಷ್ಟಕ್ಕೆ ಬಿಟ್ಟಿದ್ದರೂ ಆಗುತ್ತಿತ್ತು. ಕಲಿತಳೋ ಇಲ್ಲವೋ ನೋಡಬೇಡವೆ? ಎದುರು ಗೋಡೆಗೆ ಬೆನ್ನು ಹಚ್ಚಿ ನಿಂತು, ಎರಡೂ ತೋಳು ಅಗಲಿಸಿ, ಇದ್ದಬದ್ದ ಅಕ್ಕರೆಯನ್ನೆಲ್ಲ ದನಿಗೆ ತಂದುಕೊಂಡು "ಬಾ ಪುಟ್ಟಿ, ಬಾ ನನ್ನ ಬಂಗಾರಿ" ಎಂದು ಕರೆದ. ಓಡಿ ಬಂದಳು. ಚಟ್ಟೆಂದು ಕೈಮೇಲೆ ಏಟು ಬಿತ್ತು. "ತಪ್ಪು. ಇನ್ನೊಂದ್ಸಲ." ಆಟವೆಂದು ನಕ್ಕಳು. ಮತ್ತೆ ಕರೆದ, ಮತ್ತೆ ಬಂದಳು, ಮತ್ತೆ ಏಟು. ನಗು ನಿಂತಿತು. ಆದರೂ ಬಂದಳು. ಅಪ್ಪ ಬಾ ಅಂದರೆ ಹೋಗದೆ ಇರುವುದು ಹೇಗೆಂದು ಆ ಜೀವಕ್ಕೆ ತಿಳಿಯಲಿಲ್ಲ. ಕೈಮೇಲೆ ಕೆಂಪು ಬರೆ ಎದ್ದ ಮೇಲೆ ಒಮ್ಮೆ ಅವನು ಬಾ ಎಂದಾಗ ಬರಲಿಲ್ಲ. ನಿಂತಲ್ಲೇ ನಿಂತು, ಕೈ ಮುಂದಕ್ಕೆ ಚಾಚಿ, ತುಟಿ ನಡುಗಿಸುತ್ತ, ಕಣ್ಣೀರು ಗದ್ದದಿಂದ ಇಳಿಯುತ್ತಿರುವಾಗ ಅವನನ್ನೇ ನೋಡಿದಳು. "ಪಾಸ್!" ಎಂದು ಕೂಗಿದ್ದ ಅವನು. "ಪಾಸ್ ಮ್ಯಾನೇಜರಮ್ಮ, ಪಾಸ್!" ಶೂ ದಾರ ಕಲಿಯಲು ವರ್ಷಗಳು ಹಿಡಿದವಳು ಒಂದೇ ಮಧ್ಯಾಹ್ನದಲ್ಲಿ ಇದನ್ನು ಕಲಿತಳಲ್ಲ ಎಂದು ಹೆಮ್ಮೆಯಾಗಿತ್ತು. ಮರುದಿನ ಸಂಜೆ ಮನೆಯಲ್ಲಿ, ಗದರಿದ್ದಕ್ಕೆ ಮನಸ್ಸು ತಡೆಯದೆ ಹೆಂಡತಿ ತೋಳು ಚಾಚಿ ಕರೆದಾಗ ಮಗಳು ಕೈ ಅಡ್ಡ ಹಿಡಿದು ನಿಂತದ್ದನ್ನು ಅವನು ಬಾಗಿಲಲ್ಲಿ ನಿಂತು ನೋಡಿದ್ದ. ಆಗಲೂ ಹೆಮ್ಮೆಯೇ ಆಗಿತ್ತು, ಬೇರೇನೂ ಆಗಿರಲಿಲ್ಲ.

"ರೀ, ನಿಮ್ಮನ್ನೇ ಕೇಳ್ತಿರೋದು." "ಇಲ್ಲ" ಎಂದ ಅವನು. "ನಮ್ಮನೇಲಿ ಯಾರೂ ಹಾಗನ್ನಲ್ಲ." ಟೀಚರಮ್ಮ ನಿಟ್ಟುಸಿರು ಬಿಟ್ಟರು. ಸ್ವಲ್ಪ ದಿನ ಮನೆಯಲ್ಲಿರಲಿ, ಡಾಕ್ಟರು ಮಾತ್ರೆ ಶುರು ಮಾಡಲಿ, ಆ ಹುಡುಗನ ಮನೆಯವರೂ ಬಿಸಿಯಾಗಿದ್ದಾರೆ, ತಣ್ಣಗಾಗಲಿ, ಆಮೇಲೆ ನೋಡೋಣ ಎಂದರು. ಆಮೇಲೆ ನೋಡೋಣ ಎಂದರೆ ಏನೆಂದು ಎಲ್ಲರಿಗೂ ಗೊತ್ತು. ಮಗಳು ತನ್ನ ಏಪ್ರನ್ ಬಿಚ್ಚಿ ಮೊಳೆಗೆ ನೇತುಹಾಕಿ, ಅದರ ದಾರ ಸಮ ಮಾಡಿ ಬಂದಳು. ತುಟಿಗೆ ಪಟ್ಟಿ ಹಾಕಿಸಿಕೊಂಡಿದ್ದ ಹುಡುಗ ಮೇಜಿನಿಂದಲೇ ಅವಳಿಗೆ ಕೈ ಬೀಸಿದ. ಅವಳು ಬೀಸಲಿಲ್ಲ.

ಹೊರಗೆ ಕಚೇರಿ ಬಿಡುವ ಹೊತ್ತಿನ ಜನ. ಮಗಳು ಫುಟ್‌ಪಾತಿನಲ್ಲಿ ಕತ್ತಲಲ್ಲಿ ತಡಕಾಡುವವಳಂತೆ ಬಲಗೈ ಮುಂದೆ ಚಾಚಿಕೊಂಡು ನಡೆಯುತ್ತಿದ್ದಳು. ಎದುರಿಗೆ ಬಂದವರು ಒಮ್ಮೆ ಕೈ ನೋಡಿ, ಒಮ್ಮೆ ಮುಖ ನೋಡಿ, ಸರಿದು ಹೋಗುತ್ತಿದ್ದರು. ರಸ್ತೆ ದಾಟುವಾಗ ಬಸ್ಸೊಂದು ರಭಸದಿಂದ ತಿರುಗಿತು. ತಾಯಿ ತಾನೆ, ಯೋಚಿಸದೆ ಮಗಳ ಮಣಿಕಟ್ಟು ಹಿಡಿದು ಎಳೆದಳು. ಮಗಳು ಕಿಟಾರನೆ ಕಿರುಚಿ, ಕೈ ಕಿತ್ತುಕೊಂಡು, ರಸ್ತೆಯ ನಟ್ಟನಡುವೆ ಕೂತುಬಿಟ್ಟಳು. ಹಾರ್ನುಗಳು ಬೊಬ್ಬೆಯಿಟ್ಟವು. ಯಾರೋ ಕಾರಿನಿಂದ ತಲೆ ಹೊರಹಾಕಿ, "ಮನೇಲಿ ಇಟ್ಕೊಳ್ರೀ, ರೋಡಿಗೆ ಯಾಕೆ ತರ್ತೀರಾ?" ಎಂದ. ಇನ್ಯಾರೋ ಫೋನ್ ಎತ್ತಿ ಹಿಡಿದ. ಹೆಂಡತಿ ಮಗಳ ಮುಂದೆ ಮಂಡಿಯೂರಿ "ಏಳಮ್ಮಾ, ನಿನ್ನ ಕಾಲಿಗೆ ಬೀಳ್ತೀನಿ ಏಳು, ನಾನೇನು ಮಾಡ್ದೆ ನಿಂಗೆ, ಬೈದಿದ್ದು ತಪ್ಪಾಯ್ತು ಕಣೇ" ಎಂದು ಬಿಕ್ಕುತ್ತಿದ್ದಳು. ಮಗಳು ಮಣಿಕಟ್ಟು ಕಚ್ಚಿಕೊಂಡು ತಲೆ ಅಲ್ಲಾಡಿಸುತ್ತಿದ್ದಳು. ಅವಳನ್ನು ಎಬ್ಬಿಸುವ ಮಾತು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ, ಹೆಂಡತಿಯ ಎದುರು ಅದನ್ನು ಆಡಬೇಕಲ್ಲ ಎಂದು ಒಂದಷ್ಟು ಹೊತ್ತು ಹಾರ್ನುಗಳ ನಡುವೆ ಕಂಬದ ಹಾಗೆ ನಿಂತಿದ್ದ. ಕೊನೆಗೆ ದನಿ ಗಟ್ಟಿ ಮಾಡಿ, "ಒಂದು ಕೈ ದೂರ. ಎದ್ದೇಳು" ಎಂದ. ಮಗಳು ಥಟ್ಟನೆ ಎದ್ದಳು. ಕೈ ಚಾಚಿದಳು. ನೆಟ್ಟಗೆ ನಡೆದು ರಸ್ತೆ ದಾಟಿದಳು. ಹೆಂಡತಿ ಮಂಡಿಯ ಧೂಳನ್ನೂ ಕೊಡವಿಕೊಳ್ಳದೆ ಅವನ ಮುಖ ನೋಡಿದಳು. "ಏನ್ರೀ ಅದು? ಏನಂದ್ರಿ ಅವಳಿಗೆ?" "ಏನಿಲ್ಲ. ನೀನು ಮನೆಗೆ ಹೋಗು. ಇವಳನ್ನ ಸ್ವಲ್ಪ ಅಂಗಡಿಗೆ ಕರ್ಕೊಂಡು ಹೋಗಿ ಬರ್ತೀನಿ." ಅವಳು ಹೋಗಲಿಲ್ಲ, ಇವರು ತಿರುವು ದಾಟುವ ತನಕ ಅಲ್ಲೇ ನಿಂತಿದ್ದಳು.

ಬೇಸಿಗೆಯಲ್ಲಿ ಮಾಡಿದ ಹಾಗೆಯೇ ಶಟರನ್ನು ಅರ್ಧ ಇಳಿಸಿದ. ಮಗಳು ತನ್ನ ಸ್ಟೂಲಿನತ್ತ ಹೋಗಲಿಲ್ಲ, ಎಂದೋ ಯಾರೋ ಹೇಳಿಟ್ಟಿದ್ದಂತೆ ನೇರ ಕನ್ನಡಿಯ ಮುಂದೆ ಹೋಗಿ ಅಂದು ನಿಂತ ಜಾಗದಲ್ಲೇ ನಿಂತಳು. "ಪುಟ್ಟಿ, ಕೇಳು. ಅಪ್ಪ ಅವತ್ತು ಹೇಳಿದ್ದು ತಪ್ಪು. ಒಂದು ಕೈ ದೂರ ಬೇಡ. ಅಪ್ಪಂಗೆ ಬೇಡ, ಅಮ್ಮಂಗೆ ಬೇಡ. ಗೊತ್ತಾಯ್ತಾ?" ಅವಳು ಹೂಂ ಎಂದಳು. ಅವಳು ಯಾವಾಗಲೂ ಹೂಂ ಎನ್ನುವಳೇ. ಅವನು ಎದುರು ಗೋಡೆಗೆ ಬೆನ್ನು ಹಚ್ಚಿ ಎರಡೂ ತೋಳು ಅಗಲಿಸಿದ. "ಬಾ ಪುಟ್ಟಿ. ಬಾ ನನ್ನ ಬಂಗಾರಿ." ಮಗಳ ಮೈ ಮುಂದಕ್ಕೆ ವಾಲಿತು. ಒಂದು ಹೆಜ್ಜೆ ಎತ್ತಿದವಳು ಹಾಗೇ ತಡೆದಳು. ಕಣ್ಣಿಗೆ ಬಿದ್ದ ಕೂದಲಿನ ಎಡೆಯಿಂದ ಅವನ ತೋಳುಗಳನ್ನಲ್ಲ, ಬಲಗೈಯ ಅಂಗೈಯನ್ನು ನೋಡಿದಳು. ಎತ್ತಿದ ಪಾದವನ್ನು ಮೆಲ್ಲಗೆ ಹಿಂದಕ್ಕಿಟ್ಟು, ಕೈ ನೇರ ಚಾಚಿ, ಮೈಯೆಲ್ಲ ಸೆಟೆದು ನಿಂತು ಕೇಳಿದಳು: "ಬರಲಿಲ್ಲ ನೋಡು. ಪಾಸಾ ಅಪ್ಪಾ?"

ಪಾಸ್ ಎಂದರೆ ಅವಳು ಸಾಯುವ ತನಕ ಹೀಗೆಯೇ ನಿಲ್ಲುತ್ತಾಳೆ. ಇಲ್ಲ ಎಂದರೆ ಏಟು ಬೀಳುತ್ತದೆಂದು ಈಗಲೇ ಭುಜ ಕುಗ್ಗಿಸಿಕೊಂಡಿದ್ದಾಳೆ. ಎಂಥ ಪರೀಕ್ಷೆ ಇಟ್ಟೆಯೋ ಮಾರಾಯ, ನೀನೇ ಉತ್ತರ ಹೇಳಲಾಗದಂಥದ್ದು! "ಪಾಸಾ?" ಎಂದು ಮತ್ತೆ ಕೇಳಿದಳು. ಅವಳ ಚಾಚಿದ ಕೈ ಸೋತು ನಡುಗುತ್ತಿತ್ತು, ಆದರೂ ಇಳಿಸಲಿಲ್ಲ. ಅವನಿಗೆ ಏನು ತೋಚಿತೋ, ಗೋಡೆ ಬಿಟ್ಟು ಬಂದು, ಅವಳನ್ನು ಮುಟ್ಟದೆ, ಅವಳ ಪಕ್ಕದಲ್ಲಿ ಕನ್ನಡಿಯ ಮುಂದೆ ನಿಂತ. "ಈಗ ನಂಗೆ ಪರೀಕ್ಷೆ. ನೀನು ಅಲ್ಲಿ ಹೋಗಿ ನಿಂತ್ಕೊ. ನೀನು ಕರಿ." ಅವಳು ಅನುಮಾನದಿಂದ ನೋಡಿದಳು. "ನಾನು ಟೀಚರಾ?" "ಹೂಂ, ನೀನೇ ಟೀಚರು." ಆ ಮುಖ ಸ್ವಲ್ಪ ಅರಳಿತು. ಹೋಗಿ ಗೋಡೆಗೆ ಬೆನ್ನು ಹಚ್ಚಿದಳು, ಕೂದಲು ಹಿಂದೆ ಸರಿಸಿದಳು, ಗಂಟಲು ಸರಿಮಾಡಿಕೊಂಡಳು. ಆಮೇಲೆ ಇಷ್ಟು ತಿಂಗಳ ಮೇಲೆ ಮೊದಲ ಬಾರಿಗೆ ಎರಡೂ ತೋಳುಗಳನ್ನು ಅಗಲಕ್ಕೆ ಚಾಚಿದಳು. ಆ ಗಿಡ್ಡ ತೋಳುಗಳು, ಮಣಿಕಟ್ಟಿನ ಮೇಲೆ ಹಲ್ಲಿನ ಗುರುತು. "ಬಾ ಅಪ್ಪಾ" ಎಂದಳು. ದನಿಯಲ್ಲಿ ಅವತ್ತಿನ ಅವನದೇ ಅಕ್ಕರೆ. "ಬಾ ನನ್ನ ಬಂಗಾರಿ."

ಅವನು ಹೋದ. ಪರೀಕ್ಷೆಯೆಂಬುದು ಮರೆತೇಹೋಯಿತು, ಅಳುತ್ತ ಮಗುವಿನ ಹಾಗೆ ತೋಳು ಚಾಚಿಕೊಂಡು ಹೋದ. ಚಟ್ಟೆಂದು ಕೈಮೇಲೆ ಏಟು ಬಿತ್ತು. "ತಪ್ಪು" ಎಂದಳು ಮಗಳು. "ಇನ್ನೊಂದ್ಸಲ."

ಶಟರಿನ ಕೆಳಗಿನಿಂದ ಬಗ್ಗಿ ಹೆಂಡತಿ ಒಳಗೆ ಬಂದಿದ್ದಳು. ಯಾವಾಗಿಂದ ಅಲ್ಲಿದ್ದಳೋ. ಮಗಳು ಕೇಂದ್ರದಲ್ಲೇ ಬಿಟ್ಟು ಬಂದಿದ್ದ ಊಟದ ಚೀಲವನ್ನು ವಾಪಸು ಹೋಗಿ ತಂದಿದ್ದಳು, ಅದು ಕೈಯಲ್ಲೇ ಇತ್ತು. "ಇದನ್ನ ಕಲಿಸಿದ್ದು ನೀವಾ?" ಎಂದು ಮೆಲ್ಲಗೆ ಕೇಳಿದಳು. ಬೈದಿದ್ದರೆ, ಕೈಯಲ್ಲಿದ್ದ ಚೀಲ ಎತ್ತಿ ಮುಖಕ್ಕೆ ಎಸೆದಿದ್ದರೆ ಆಗುತ್ತಿತ್ತು. ಅವನು ತಿರುಗಲಿಲ್ಲ, ಕನ್ನಡಿಯಲ್ಲಿ ಅವಳ ಕಣ್ಣು ಕಂಡು ಹೂಂ ಎಂದು ತಲೆಯಾಡಿಸಿದ. ಅವಳು ಚೀಲವನ್ನು ಬೆಂಚಿನ ಮೇಲಿಟ್ಟು ಅದರ ಪಕ್ಕ ಕೂತಳು, ಸುಲಿದ ಕೈಗಳನ್ನು ತೊಡೆಯ ಮೇಲೆ ಬಿಚ್ಚಿಟ್ಟುಕೊಂಡು ಅವನ್ನೇ ನೋಡತೊಡಗಿದಳು. ಅವನ ಕೈ ಚುರುಗುಟ್ಟುತ್ತಿತ್ತು. ಏಟು ಬಿದ್ದ ಆ ಒಂದು ಕ್ಷಣ ಮಗಳ ಅಂಗೈ ತನ್ನ ಕೈಗೆ ತಾಗಿತ್ತು, ಬೆಚ್ಚಗಿತ್ತು, ಸ್ವಲ್ಪ ಅಂಟಿನ ಜಿಗುಟಿತ್ತು. ಇಷ್ಟು ತಿಂಗಳಲ್ಲಿ ಅವಳಿಂದ ಸಿಕ್ಕಿದ್ದು ಅದೊಂದೇ. ಗೋಡೆಯ ಬಳಿ ಮಗಳು ಮತ್ತೆ ತೋಳು ಅಗಲಿಸಿಕೊಂಡು, ತಾಳ್ಮೆಯಿಂದ, ಅವನು ಕಲಿಯುವ ತನಕ ಬಿಡುವುದಿಲ್ಲ ಎಂಬಂತೆ ಕಾಯುತ್ತಿದ್ದಳು.

"ಬಾ ಅಪ್ಪಾ" ಎಂದಳು.

ಏಟು ಬೀಳುತ್ತದೆಂದು ಗೊತ್ತಿದ್ದೂ ಅವನು ಮತ್ತೆ ಹೋದ.